ಜಾಮ್ ಆದ ಬೋಲ್ಟಿಗೆ ಬಲ ಕೊನೆಯ ಮದ್ದು

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಅಂಬಾಸಿಡರ್‌ನ ಬಾನೆಟ್ ಎತ್ತಿದವರು ಮೊದಲು ಹುಡುಕುವುದು ಉದ್ದದೊಂದು ಪೈಪನ್ನು. ಸ್ಪ್ಯಾನರಿಗೆ ಪೈಪ್ ತೂರಿಸಿ, ಕಾಲೂರಿ ಎಳೆದರೆ ಎಂಥ ನಟ್ಟೂ ಬಂದೇ ಬರುತ್ತದೆ ಅನ್ನುವ ನಂಬಿಕೆ. ಬರುತ್ತದೆ ಕೂಡ, ಎಷ್ಟೋ ಸಲ ಅರ್ಧ ಸ್ಟಡ್ಡನ್ನೂ ಜೊತೆಗೇ ಕರೆದುಕೊಂಡು. ಉಳಿದರ್ಧ ಒಳಗೇ ಕೂತು ಹತ್ತು ನಿಮಿಷದ ಕೆಲಸವನ್ನು ಎರಡು ದಿನಕ್ಕೆ ಎಳೆಯುತ್ತದೆ.

ಲೆಕ್ಕ ಸುಲಭ. ಒಂದಡಿ ಉದ್ದದ ಹಿಡಿಯ ತುದಿಗೆ 10 ಕೆ.ಜಿ. ಭಾರ ಬಿದ್ದರೆ ಬೋಲ್ಟಿನ ಮೇಲೆ ಸುಮಾರು 30 ನ್ಯೂಟನ್ ಮೀಟರ್ ತಿರುಚುಬಲ ಬೀಳುತ್ತದೆ. 8 ಎಂಎಂ ದಪ್ಪದ ಸಾಮಾನ್ಯ ಬೋಲ್ಟನ್ನು ಟೈಟ್ ಮಾಡಲು ಬೇಕಾದದ್ದೇ 25ರ ಆಸುಪಾಸು. ಎರಡಡಿ ಪೈಪಿಗೆ ಮೈಭಾರ ಬಿಟ್ಟು 50 ಕೆ.ಜಿ. ಹೇರಿದರೆ ಅದು 300 ನ್ಯೂಟನ್ ಮೀಟರ್. ಅಷ್ಟಾದ ಮೇಲೆ ಬೋಲ್ಟು ತುಂಡಾಯಿತೆಂದು ಬೇಸರಪಟ್ಟು ಪ್ರಯೋಜನವಿಲ್ಲ, ತುಂಡಾಗುವಷ್ಟು ನಾವೇ ಕೊಟ್ಟಿದ್ದೇವೆ. ಪೈಪ್ ಬೇಡವೆಂದಲ್ಲ. ಅದರ ಸರದಿ ಕೊನೆಯಲ್ಲಿ ಬರಬೇಕು. ಅದಕ್ಕೂ ಮುಂಚೆ ಎಣ್ಣೆ, ಏಟು, ಬೆಂಕಿ, ಇವೆಲ್ಲಕ್ಕಿಂತ ಹೆಚ್ಚಾಗಿ ಸಮಯ, ಒಂದೊಂದಕ್ಕೂ ಅವಕಾಶ ಸಿಗಬೇಕು.

ಥ್ರೆಡ್ ಯಾಕೆ ಕಚ್ಚಿಕೊಂಡಿದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಕಬ್ಬಿಣದೊಳಗೆ ಕಬ್ಬಿಣವಾದರೆ ಅದು ತುಕ್ಕಿನ ಕೆಲಸ. ತುಕ್ಕಾದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟು-ಬೋಲ್ಟಿನ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಆ ಜಾಗ ಇಲ್ಲದ್ದರಿಂದ ಬೆಣೆ ಹೊಡೆದಂತೆ ಬಿಗಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ನಿಂತ ಗಾಡಿಗಳಿಗೆ ಇದು ಬೇಗ ಬರುತ್ತದೆ. ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟಾದರೆ ಕಥೆ ಬೇರೆ. ನಡುವೆ ಒಂದಿಷ್ಟು ನೀರೋ ಕೂಲೆಂಟೋ ಸೇರಿತೆಂದರೆ ಎರಡೂ ಲೋಹ ಸೇರಿ ಪುಟ್ಟ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಸೈಲೆನ್ಸರ್ ಕಡೆಯ ಸ್ಟಡ್‌ಗಳಲ್ಲಿ ತುಕ್ಕಿನ ಜೊತೆ ವರ್ಷಗಳ ಕಾವು ಸೇರಿರುತ್ತದೆ, ಸ್ಪಾರ್ಕ್ ಪ್ಲಗ್‌ಗಳಲ್ಲಿ ಕಾರ್ಬನ್. ಇನ್ನೊಂದು ಕಾರಣ ಮನುಷ್ಯರದ್ದು: ಹಿಂದೆ ಯಾರೋ ತಪ್ಪು ಬೋಲ್ಟನ್ನು ತುರುಕಿರುವುದು.

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಂಶದ್ದು. ಅದರ ಥ್ರೆಡ್ ಇಂಚಿನ ಲೆಕ್ಕದ್ದು. ಅಲ್ಲಿ ಬರುವ 5/16 ಇಂಚಿನ ಬೋಲ್ಟಿನ ದಪ್ಪ 7.94 ಎಂಎಂ, ಅಂದರೆ ಹೆಚ್ಚುಕಡಿಮೆ ಎಂಟೇ. ಕೈಗೆ ಸಿಕ್ಕ 8 ಎಂಎಂ ಬೋಲ್ಟು ಅದರ ತೂತಿಗೆ ಎರಡು ಸುತ್ತು ಚೆನ್ನಾಗಿಯೇ ಹೋಗುತ್ತದೆ. ಆದರೆ ಮಿಲಿಮೀಟರ್ ಬೋಲ್ಟಿನ ಹಲ್ಲಿಂದ ಹಲ್ಲಿಗೆ 1.25 ಎಂಎಂ ಅಂತರ. ಇಂಚಿನದರಲ್ಲಿ ಸಣ್ಣ ಥ್ರೆಡ್ ಆದರೆ 1.06, ದಪ್ಪ ಥ್ರೆಡ್ ಆದರೆ 1.41. ಮೂರನೇ ಸುತ್ತಿಗೆ ಬಿಗಿಯಾಗುತ್ತದೆ, 'ಟೈಟ್ ಆಯ್ತು' ಎಂದುಕೊಂಡು ಮೆಕ್ಯಾನಿಕ್ ಒಂದೆಳೆತ ಎಳೆದಿರುತ್ತಾನೆ. ಅಂಥ ಬೋಲ್ಟಿಗೆ ಎಷ್ಟು ಎಣ್ಣೆ ಕುಡಿಸಿದರೂ ಸುಖವಾಗಿ ಬರುವುದಿಲ್ಲ. ತಲೆಯ ಮೇಲೆ 8.8 ಎಂಬ ಅಂಕಿ ಇದ್ದರೆ ಅದು ಮಿಲಿಮೀಟರ್ ಬೋಲ್ಟು. ಇಂಚಿನದರ ಮೇಲೆ ಸಾಮಾನ್ಯವಾಗಿ ಅಂಕಿಯ ಬದಲು ಗೀಟುಗಳಿರುತ್ತವೆ. ಮುಟ್ಟುವ ಮೊದಲು ತಲೆಯನ್ನು ಬ್ರಷ್‌ನಿಂದ ತಿಕ್ಕಿ ನೋಡಿಬಿಡಿ.

ಸ್ಪ್ಯಾನರಿನ ವಿಷಯದಲ್ಲೂ ಇದೇ ಗೊಂದಲ. ನಮ್ಮಲ್ಲಿ ಸೆಟ್ ಎಂದರೆ 10-11, 12-13, 14-15 ಎಂದು ಜೋಡಿಯಾಗಿ ಬರುವ ಮಿಲಿಮೀಟರ್ ಸೆಟ್. ಮುಖದಿಂದ ಮುಖಕ್ಕೆ ಅರ್ಧ ಇಂಚಿರುವ ನಟ್ಟಿಗೆ ಹದಿಮೂರರ ಸ್ಪ್ಯಾನರ್ ಕೂರುತ್ತದೆ, ಆದರೆ ನಟ್ಟಿನ ನಿಜವಾದ ಅಳತೆ 12.7. ಆ 0.3 ಎಂಎಂ ಸಡಿಲವೇ ಮೂಲೆಗಳನ್ನು ತಿಂದುಹಾಕುವುದು. 9/16ರದು ಇನ್ನೂ ಕಷ್ಟ: 14.29 ಆದ್ದರಿಂದ ಹದಿನಾಲ್ಕು ಹೋಗುವುದಿಲ್ಲ, ಹದಿನೈದು ಕುಣಿಯುತ್ತದೆ. ಅಂಬಾಸಿಡರ್‌ನ ಈ ಇಂಜಿನ್ನಿಗೆ ಕೈ ಹಾಕುವವರು ಇಂಚಿನ ಸೆಟ್ ಒಂದನ್ನು ಇಟ್ಟುಕೊಳ್ಳಲೇಬೇಕು. ಮಾರುತಿ 800ಕ್ಕೆ ಈ ತಲೆನೋವಿಲ್ಲ, ಎಲ್ಲವೂ ಮಿಲಿಮೀಟರ್. ಯಾವ ಗಾಡಿಯಾದರೂ ಸರಿ, ಜಾಮ್ ಆದ ನಟ್ಟಿಗೆ ಬಾಯಿ ತೆರೆದ ಸ್ಪ್ಯಾನರ್ ಬೇಡ. ಅದು ಎರಡೇ ಮುಖಕ್ಕೆ ಹಿಡಿಯುತ್ತದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಪರವಾಗಿಲ್ಲ. ಆರು ಮೂಲೆಯ ಸಾಕೆಟ್ ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಅದರ ಹಿಡಿತ ಮೂಲೆಗಿಂತ ಹೆಚ್ಚಾಗಿ ನಟ್ಟಿನ ಚಪ್ಪಟೆ ಮುಖದ ಮೇಲೆ ಬೀಳುತ್ತದೆ. ಸಾಕೆಟ್ ಕೂರದಿದ್ದರೆ ತುಕ್ಕಿನ ಹಕ್ಕಳೆ ಅಡ್ಡ ಇದೆ ಎಂದರ್ಥ. ತೆಗೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಳದವರೆಗೆ ಕೂರಿಸಿ.

ಇನ್ನು ಎಣ್ಣೆ. ಅಡುಗೆಮನೆಯ ಕೊಬ್ಬರಿ ಎಣ್ಣೆ ತಂದು ಸುರಿಯುವವರಿದ್ದಾರೆ. ಅದು ಚಳಿಗಾಲದ ಬೆಳಿಗ್ಗೆ ತಾನೇ ಹೆಪ್ಪುಗಟ್ಟುವ ವಸ್ತು, ಥ್ರೆಡ್‌ನ ಸಂದಿಗೆ ಇಳಿಯುವುದು ದೂರದ ಮಾತು. ಕಾವಿಗೆ ಅಂಟಾಗುವುದೂ ಉಂಟು. ಇಳಿಯಬೇಕಾದರೆ ತೆಳ್ಳಗಿರಬೇಕು. ಸೀಮೆಎಣ್ಣೆ, ಡೀಸೆಲ್ ಇಳಿಯುತ್ತವೆ, ಆದರೆ ಜಾರಿಸುವ ಗುಣ ಕಡಿಮೆ. ಎಲ್ಲರ ಕೈಯಲ್ಲೂ ಇರುವ ಡಬ್ಲ್ಯುಡಿ-40 ಮೂಲತಃ ಲೋಹದ ಮೇಲಿನ ತೇವ ಓಡಿಸಲೆಂದು 1953ರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ಹಗುರ ತುಕ್ಕಿಗೆ ಸಾಕಾದರೂ ಹಟಮಾರಿ ಸ್ಟಡ್ಡಿಗೆ ಅದಕ್ಕೆಂದೇ ಮಾಡಿದ ಪೆನಿಟ್ರೇಟಿಂಗ್ ಆಯಿಲ್ ಒಳ್ಳೆಯದು. ಗ್ಯಾರೇಜಿನಲ್ಲೇ ಬೆರೆಸಿಕೊಳ್ಳುವ ಮದ್ದೂ ಒಂದಿದೆ: ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಆಯಿಲ್, ಸಮಸಮ. ಇವೆರಡೂ ಸರಿಯಾಗಿ ಬೆರೆಯುವುದಿಲ್ಲ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ, ಕಿಡಿ ಕಂಡರೆ ಭುಗ್ಗೆನ್ನುತ್ತದೆ. ಬ್ರೇಕ್ ಆಯಿಲ್ ಹಾಕುವ ಹಳೆಯ ರೂಢಿಯೂ ಇದೆ. ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ. ಬಿದ್ದ ಕಡೆ ಬಣ್ಣ ಎಬ್ಬಿಸುವ ಈ ದ್ರವದಿಂದ ಸಿಗುವ ಲಾಭ ಬೇರೆ ಎಣ್ಣೆಗಳಿಂದಲೂ ಸಿಗುತ್ತದೆ.

ಯಾವ ಎಣ್ಣೆ ಎಂಬುದಕ್ಕಿಂತ ಹೇಗೆ ಹಾಕಿದಿರಿ ಎಂಬುದು ಮುಖ್ಯ. ಹೊರಗೆ ಕಾಣುವ ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಮೊದಲು ಶುಚಿ ಮಾಡಿ. ಇಲ್ಲದಿದ್ದರೆ ನಟ್ಟು ಸಡಿಲವಾದರೂ ಆ ಕೊಳೆಯಲ್ಲೇ ಮತ್ತೆ ಸಿಕ್ಕಿಕೊಳ್ಳುತ್ತದೆ. ಹಳೆಯ ಎಗ್ಸಾಸ್ಟ್ ಗ್ಯಾಸ್ಕೆಟ್ ಇರುವ ಕಡೆ ಮಾತ್ರ ಒಣ ಬ್ರಷ್ ಆಡಿಸಬೇಡಿ. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಎಣ್ಣೆಯಲ್ಲೋ ನೀರಿನಲ್ಲೋ ನೆನೆಸಿಕೊಂಡು, ಮಾಸ್ಕ್ ಹಾಕಿಕೊಂಡು ತಿಕ್ಕಿ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಎಣ್ಣೆ ಹಾಕಿ ಬೇರೆ ಕೆಲಸ ನೋಡಿಕೊಳ್ಳಿ. ಕೆಲಸ ಭಾನುವಾರವಾದರೆ ಎಣ್ಣೆ ಶುಕ್ರವಾರವೇ ಬೀಳಲಿ.

ನಡುನಡುವೆ ಏಟು ಕೊಡಬೇಕು. ಬೋಲ್ಟಿನ ತಲೆಯ ಮೇಲೆ ದಪ್ಪ ಪಂಚ್ ಅಥವಾ ಹಿತ್ತಾಳೆ ಸರಳು ಇಟ್ಟು, ಮಧ್ಯಮ ಸುತ್ತಿಗೆಯಿಂದ ನೇರಕ್ಕೆ ಐದಾರು ಚುರುಕು ಏಟು. ಮುರಿಯುವ ಏಟಲ್ಲ, ನಡುಗಿಸುವ ಏಟು. ತುಕ್ಕು ಗಟ್ಟಿ ಇದ್ದರೂ ಪೆಡಸು. ನಡುಗಿದರೆ ಬಿರಿಯುತ್ತದೆ, ಬಿರುಕಿಗೆ ಎಣ್ಣೆ ಇಳಿಯುತ್ತದೆ. ಸ್ಟಡ್ಡಾದರೆ ತುದಿಗೆ ನೇರ ಹೊಡೆದು ಅಣಬೆ ಮಾಡಿಬಿಡಬೇಡಿ. ಹಳೆ ನಟ್ಟೊಂದನ್ನು ತುದಿಯ ಮಟ್ಟಕ್ಕೆ ಹಾಕಿಕೊಂಡು ಅದರ ಮೇಲೆ ಹೊಡೆಯಿರಿ. ಕಾರ್ಬ್ಯುರೇಟರ್, ಟೈಮಿಂಗ್ ಕವರ್ ಮುಂತಾದೆಡೆ ಇರುವ ಸ್ಟಾರ್ ಸ್ಕ್ರೂಗಳಿಗೆ ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಸಿಗುತ್ತದೆ. ಏಟು, ತಿರುವು ಎರಡೂ ಒಟ್ಟಿಗೆ ಬೀಳುವುದರಿಂದ ಸ್ಕ್ರೂ ತಲೆ ಸವೆಯುವುದಿಲ್ಲ.

ಈಗ ಸ್ಪ್ಯಾನರ್. ಮೊದಲ ಎಳೆತ ಬಿಚ್ಚುವ ಕಡೆಗಲ್ಲ, ಟೈಟ್ ಮಾಡುವ ಕಡೆಗೆ. ಕೂದಲೆಳೆಯಷ್ಟು ಅಲುಗಿದರೂ ತುಕ್ಕಿನ ಹಿಡಿತ ತಪ್ಪುತ್ತದೆ. ಆಮೇಲೆ ಬಿಚ್ಚುವ ಕಡೆ ಕಾಲು ಸುತ್ತು, ಮತ್ತೆ ಹಿಂದಕ್ಕೆ, ಹನಿ ಎಣ್ಣೆ, ಮತ್ತೆ ಕಾಲು ಸುತ್ತು. ಕೀರ್ ಎಂದು ಸದ್ದು ಮಾಡುತ್ತಾ ಬರುತ್ತಿದ್ದರೆ ಒಳ್ಳೆಯ ಲಕ್ಷಣ. ಕೈಗೆ ರಬ್ಬರ್ ತಿರುಚಿದ ಹಾಗೆ ಮೆತ್ತಗೆ ಅನ್ನಿಸಿತೋ, ಅಲ್ಲೇ ನಿಲ್ಲಿಸಿ. ನಟ್ಟು ತಿರುಗುತ್ತಿಲ್ಲ, ಸ್ಟಡ್ಡೇ ತಿರುಚಿಕೊಳ್ಳುತ್ತಿದೆ. ಇನ್ನೊಂದು ಚೂರು ಎಳೆದರೆ ಮುಗಿಯಿತು. ಸೈಕಲ್ಲಿನ ಎಡ ಪೆಡಲಿನ ಹಾಗೆ ಉಲ್ಟಾ ಥ್ರೆಡ್ ಇರುವ ಜಾಗಗಳು ಕೆಲವು ಇಂಜಿನ್‌ಗಳಲ್ಲೂ ಉಂಟು, ಮುಖ್ಯವಾಗಿ ಫ್ಯಾನಿನ ಕಡೆ. ಮ್ಯಾನ್ಯುಯಲ್ ನೋಡದೆ ಅಲ್ಲಿ ಸಾಹಸ ಬೇಡ.

ನಿಲ್ಲಿಸಿದ ಮೇಲೆ ಬರುವುದು ಬೆಂಕಿಯ ಸರದಿ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ, ಆದರೆ ಎಷ್ಟು? 10 ಎಂಎಂ ಬೋಲ್ಟನ್ನು 300 ಡಿಗ್ರಿ ಏರಿಸಿದರೆ ಅದರ ದಪ್ಪ ಹೆಚ್ಚುವುದು 0.036 ಎಂಎಂ. ಕಣ್ಣಿಗೆ ಕಾಣದ ಈ ಅಳತೆ ತುಕ್ಕನ್ನು ಒಡೆಯಲು ಸಾಕು. ನಟ್ಟು ಬಿಚ್ಚಬೇಕಿದ್ದರೆ ಸ್ಟಡ್ಡನ್ನು ಬಿಟ್ಟು ನಟ್ಟಿಗೆ ಮಾತ್ರ ಉರಿ ಹಿಡಿಯಿರಿ, ಅದು ಹಿಗ್ಗಿ ಸಡಿಲವಾಗುತ್ತದೆ. ಬೋಲ್ಟು ಎರಕದೊಳಗೆ ಹೂತಿದ್ದರೆ ಉಲ್ಟಾ ದಾರಿಯೂ ನಡೆಯುತ್ತದೆ: ಬೋಲ್ಟಿನ ತಲೆಯನ್ನೇ ಕಾಯಿಸಿದರೆ ಅದು ಸುತ್ತಲಿನ ತಣ್ಣನೆಯ ಎರಕಕ್ಕೆ ಒತ್ತಿ ತುಕ್ಕನ್ನು ಪುಡಿ ಮಾಡುತ್ತದೆ, ತಣಿದಾಗ ಕುಗ್ಗಿ ಸಂದಿ ಬಿಡುತ್ತದೆ. ಇಲ್ಲಿ ತಿರುಗಿಸುವುದು ತಣಿದ ಮೇಲೆ. ಒಂದೇ ಸಲಕ್ಕೆ ಬರದಿದ್ದರೆ ಕಾಯಿಸುವುದು, ತಣಿಸುವುದು ಎರಡು ಮೂರು ಸಲ ನಡೆಯಲಿ. ಬೇಗ ತಣಿಯಲೆಂದು ಎರಕಕ್ಕೆ ನೀರು ಸುರಿಯುವುದು ಬ್ಲಾಕನ್ನು ಸೀಳಿಸಿಕೊಳ್ಳುವ ನೇರ ದಾರಿ.

ಎಣ್ಣೆಗಿಂತ ಚೆನ್ನಾಗಿ ಇಳಿಯುವುದು ಮೇಣ. ನಟ್ಟು ನೀರಿನ ಹನಿ ಬಿದ್ದರೆ ಚುರ್ ಎನ್ನುವಷ್ಟು ಕಾದಾಗ ಉರಿಯನ್ನು ದೂರ ಮಾಡಿ, ಮನೆಯ ಮೇಣದ ಬತ್ತಿಯ ತುದಿಯನ್ನು ಸ್ಟಡ್ಡು-ನಟ್ಟು ಸೇರುವ ಗೆರೆಗೆ ಮುಟ್ಟಿಸಿ. ಮೇಣ ನೀರಾಗಿ ಆ ಗೆರೆಯ ಸುತ್ತ ಓಡಿ, ಕ್ಷಣದಲ್ಲಿ ಮಾಯವಾಗುತ್ತದೆ: ಸಂದಿ ಅದನ್ನು ಹೀರಿಕೊಂಡಿದೆ. ಇನ್ನೊಂದು ಸಲ ಮುಟ್ಟಿಸಿ, ನಟ್ಟಿನ ಆಚೆ ಬದಿಯಲ್ಲಿ ಮೇಣದ ಜಿಡ್ಡು ಹೊಳೆದರೆ ಪೂರ್ತಿ ದಾಟಿತೆಂದು ಅರ್ಥ. ಈಗ ಸಾಕೆಟ್ ಹಾಕಿ ಹಿಂದೆ-ಮುಂದೆ ಅಲುಗಿಸಿ. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ನಟ್‌ಗಳಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕಸ್ತ ಉಪಾಯ ನನಗೆ ಗೊತ್ತಿಲ್ಲ.

ಬೆಂಕಿ ಹಿಡಿಯುವ ಮೊದಲು ಪೆಟ್ರೋಲ್ ಪೈಪ್, ಕಾರ್ಬ್ಯುರೇಟರ್ ಬಿಚ್ಚಿ ದೂರ ಇಡಿ, ಬ್ಯಾಟರಿ ಕಳಚಿ, ಪಕ್ಕದಲ್ಲೊಂದು ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಅಸಿಟೋನ್ ಹಾಕಿದ ಕಡೆ ಪೂರ್ತಿ ಆರಿದ ಮೇಲೆಯೇ ಉರಿ. ಸ್ಪ್ರೇ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕಂತೂ ಉರಿಯೂ ಬೇಡ, ವೆಲ್ಡಿಂಗೂ ಬೇಡ. ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಲ್ಲದು. ಅಲ್ಯೂಮಿನಿಯಂ ಭಾಗಗಳಿಗೆ ಗ್ಯಾಸ್ ಉರಿ ಹಿಡಿಯುವುದು ಅಪಾಯ. ಅದು ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿಗೆ, ಎರಕದ ಮಿಶ್ರಲೋಹವಾದರೆ ಅದಕ್ಕೂ ಮುಂಚೆ, ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅಲ್ಲಿ ಬಿಸಿಗಾಳಿಯ ಹೀಟ್ ಗನ್ ಸಾಕು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಸಾಧಾರಣ ಕಾವಿಗೇ ತೂತು ಸಡಿಲವಾಗುತ್ತದೆ.

ಅಂಬಾಸಿಡರ್‌ನ ಬಿಎಂಸಿ ಇಂಜಿನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಬೋಲ್ಟೇ ಅಲ್ಲ, ಥರ್ಮೋಸ್ಟಾಟಿನ ಮೇಲಿನ ಮೊಣಕೈ, ಅಂದರೆ ನೀರು ಹಾಯುವ ಬಾಗಿದ ಕೊಳವೆ. ಹೆಡ್ಡು ಕಬ್ಬಿಣದ್ದು, ಮೊಣಕೈ ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಅದರೊಳಗೆ ಹಾದುಬರುವ ಮೂರು ಸ್ಟಡ್‌ಗಳು ಉಕ್ಕಿನವು. ನಟ್‌ಗಳು ಹೂವಿನ ಹಾಗೆ ಬಂದುಬಿಡುತ್ತವೆ. ಮೊಣಕೈ ಮಾತ್ರ ಮಿಸುಕುವುದಿಲ್ಲ, ಯಾಕೆಂದರೆ ಗ್ಯಾಸ್ಕೆಟ್‌ನಿಂದ ಜಿನುಗಿದ ನೀರು ವರ್ಷಗಟ್ಟಲೆ ಸ್ಟಡ್‌ಗಳ ಸುತ್ತ ನಿಂತು ಆ ಉದ್ದನೆಯ ತೂತುಗಳನ್ನು ಬಿಳಿ ಪುಡಿಯಿಂದ ತುಂಬಿರುತ್ತದೆ. ಇಲ್ಲಿ ಎಲ್ಲರೂ ಮಾಡುವುದು ಕೆಳಗಿನ ಜೋಡಣೆಗೆ ಉಳಿ ಹೊಡೆಯುವುದು. ಉಳಿಯ ಗಾಯ ಹೆಡ್ಡಿನ ಮುಖದ ಮೇಲೆ ಉಳಿದು, ಮುಂದೆ ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ನೀರು ಸೋರುತ್ತಲೇ ಇರುತ್ತದೆ.

ಸ್ಟಡ್‌ಗಳನ್ನೇ ಮೇಲಕ್ಕೆ ತೆಗೆಯುವುದು ವಾಸಿ. ಎರಡು ನಟ್‌ಗಳನ್ನು ಒಂದೇ ಸ್ಟಡ್ಡಿಗೆ ಹಾಕಿ, ಒಂದನ್ನೊಂದು ಬಿಗಿದು, ಕೆಳಗಿನ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಬಿಚ್ಚಿದರೆ ಸ್ಟಡ್ಡು ತಿರುಗಬೇಕು. ತಿರುಗದಿದ್ದರೆ ಸ್ಟಡ್‌ಗಳ ಬುಡಕ್ಕೆ ಎಣ್ಣೆ ನಿಲ್ಲುವ ಹಾಗೆ ಹಿಟ್ಟಿನ ಕಟ್ಟೆ ಕಟ್ಟಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಹೀಟ್ ಗನ್‌ನಿಂದ ಮೊಣಕೈಯನ್ನು ಕಾಯಿಸಿ, ಮರದ ತುಂಡಿಟ್ಟು ಎಡಕ್ಕೊಂದು ಬಲಕ್ಕೊಂದು ತಟ್ಟಿ. ಇದಕ್ಕೂ ಬಗ್ಗದಿದ್ದರೆ ನಾನು ಹೇಳುವುದು ಒಂದೇ: ಮೊಣಕೈಯನ್ನು ಬಲಿಕೊಡಿ. ಗರಗಸದಿಂದ ಅದನ್ನು ಸೀಳಿ ತುಂಡುತುಂಡಾಗಿ ತೆಗೆಯಿರಿ. ಹೊಸ ಮೊಣಕೈ ಸಣ್ಣ ಖರ್ಚು. ಹೆಡ್ಡಿನೊಳಗೆ ಮುರಿದ ಸ್ಟಡ್ಡು ಹಾಗಲ್ಲ. ಇದೇ ತರ್ಕ ನಟ್‌ಗಳಿಗೂ ಸಲ್ಲುತ್ತದೆ. ಮೂಲೆ ಸವೆದ ನಟ್ಟಿನೊಂದಿಗೆ ಗುದ್ದಾಡುವ ಬದಲು ನಟ್ ಸ್ಪ್ಲಿಟರ್ ಹಾಕಿ ಎರಡು ಹೋಳು ಮಾಡಿ, ಸ್ಟಡ್ಡು ಉಳಿಯುತ್ತದೆ.

ಮಾರುತಿ 800ರಂಥ ಅಲ್ಯೂಮಿನಿಯಂ ಹೆಡ್ಡಿನ ಗಾಡಿಗಳಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚುವುದು ಇಂಜಿನ್ ತಣ್ಣಗಿದ್ದಾಗ. ಸುಡುವ ಇಂಜಿನ್ನಿನಲ್ಲಿ ಮೆತ್ತಗಾದ ಅಲ್ಯೂಮಿನಿಯಂ ಥ್ರೆಡ್ ಪ್ಲಗ್ಗಿನ ಜೊತೆಗೇ ಕಿತ್ತು ಬರಬಹುದು. ಮೊದಲು ಸುತ್ತಲಿನ ಮರಳು ಗಾಳಿಯಲ್ಲಿ ಊದಿ, ಕಾಲು ಸುತ್ತು ಸಡಿಲಿಸಿ, ಎಣ್ಣೆ ಬಿಟ್ಟು ಕಾಯಿರಿ. ತಣ್ಣಗಿದ್ದಾಗ ಒಂದಿಷ್ಟೂ ಕದಲದಿದ್ದರೆ ಮಾತ್ರ ಇಂಜಿನ್ನನ್ನು ಕೈ ಇಡಬಹುದಾದಷ್ಟು ಬೆಚ್ಚಗೆ ಮಾಡಿಕೊಂಡು ನೋಡಬಹುದು. ಬರುತ್ತಾ ಬರುತ್ತಾ ಬಿಗಿಯಾದರೆ ಮತ್ತೆ ಒಳಗೆ ತಿರುಗಿಸಿ. ಕಾರ್ಬನ್ ಪುಡಿಯಾಗಲು ಎಡೆ ಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ಮುರಿಯುತ್ತವೆ. ತುಂಡು ಒಂದಿಷ್ಟಾದರೂ ಹೊರಗಿದ್ದರೆ ವೈಸ್ ಗ್ರಿಪ್ ಹಿಡಿದು ಅದನ್ನೂ ಸವೆಸಿಬಿಡುವ ಮೊದಲು ವೆಲ್ಡರನ್ನು ಕರೆಯಿರಿ. ಮೋಟು ಸ್ಟಡ್ಡಿನ ಮೇಲೆ ನಟ್ಟೊಂದನ್ನು ಇಟ್ಟು, ಅದರ ತೂತಿನೊಳಗಿಂದ ವೆಲ್ಡ್ ತುಂಬಿಸಿದರೆ ಹೊಸ ತಲೆ ಬಂದಂತಾಯಿತು. ಅದಕ್ಕಿಂತ ದೊಡ್ಡ ಲಾಭ, ವೆಲ್ಡಿಂಗ್ ಕಾವು ನೇರ ಸ್ಟಡ್ಡಿನ ಹೊಟ್ಟೆಗೇ ಇಳಿಯುತ್ತದೆ. ಕೆಂಪು ಆರಲಿ, ಮೇಣ ಮುಟ್ಟಿಸಿ, ಆಮೇಲೆ ಅಲುಗಿಸಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸಮಮಟ್ಟಕ್ಕೆ ಮುರಿದಿದ್ದರೂ ಪಳಗಿದ ಕೈಯ ವೆಲ್ಡರ್ ಸ್ಟಡ್ಡಿನ ಮೇಲೆ ಲೋಹ ಏರಿಸಬಲ್ಲ, ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ.

ವೆಲ್ಡಿಂಗ್ ಆಗದ ಕಡೆ ಡ್ರಿಲ್ಲು. ಮುರಿದ ಮುಖವನ್ನು ಅರದಿಂದ ಮಟ್ಟ ಮಾಡಿ, ಸೆಂಟರ್ ಪಂಚ್ ನಟ್ಟನಡುವೆ ಬೀಳುವವರೆಗೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಮುಂದುವರಿಯಿರಿ. 3 ಎಂಎಂನಿಂದ ಶುರು ಮಾಡಿ ಹಂತಹಂತವಾಗಿ ಏರಿಸಿ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ಹಾಕಿ. ಕೊರೆಯುತ್ತಿರುವಾಗಲೇ ತುಂಡು ಕಚ್ಚಿಕೊಂಡು ಹೊರಬರುವುದುಂಟು. 8 ಎಂಎಂ ಸ್ಟಡ್ಡಾದರೆ ಟ್ಯಾಪ್ ಹಾಕುವ ತೂತಿನ ಅಳತೆ 6.8, ಆದ್ದರಿಂದ 6.5ಕ್ಕೆ ನಿಲ್ಲಿಸಿದರೆ ಉಳಿದ ತೆಳು ಸಿಪ್ಪೆಯನ್ನು ಮೊಳೆಯಿಂದ ಒಳಕ್ಕೆ ಮಡಚಿ ಕೀಳಬಹುದು, ಮೂಲ ಥ್ರೆಡ್ ಉಳಿಯುತ್ತದೆ. ಅಂಗಡಿಯವರು ಮಾರುವ ಸುರುಳಿ ಎಗ್ಸ್‌ಟ್ರಾಕ್ಟರ್ ಬಗ್ಗೆ ನನಗೆ ಗುಮಾನಿ. ಇಡೀ ಬೋಲ್ಟಿಗೇ ಬಗ್ಗದ್ದು ಅದರೊಳಗಿನ ತೆಳುವಾದ ಕಡ್ಡಿಗೆ ಬಗ್ಗೀತೆ? ಆ ಕಡ್ಡಿ ಗಡಸು ಉಕ್ಕಿನದು, ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲು ಅದರ ಮೇಲೆ ಜಾರುತ್ತದೆ. ಆಗ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಟೂಲ್ ರೂಮಿಗೆ ಹೆಡ್ಡನ್ನು ಹೊತ್ತು, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಇರೋಷನ್ ಯಂತ್ರದಲ್ಲಿ ತೆಗೆಸಬೇಕಾಗುತ್ತದೆ. ಥ್ರೆಡ್ಡೇ ಹಾಳಾಗಿದ್ದರೆ ಹೆಲಿಕಾಯಿಲ್ ಎಂಬ ತಂತಿ ಸುರುಳಿಯ ಥ್ರೆಡ್ ಹಾಕಿಸಿ. ಅಲ್ಯೂಮಿನಿಯಂನಲ್ಲಿ ಅದು ಮೂಲ ಥ್ರೆಡ್‌ಗಿಂತ ಗಟ್ಟಿ, ಹೀನಾಯವೇನಲ್ಲ.

ಮತ್ತೆ ಜೋಡಿಸುವಾಗ ತೂತುಗಳನ್ನು ಟ್ಯಾಪ್ ಹಾಯಿಸಿ ಶುಚಿ ಮಾಡಿ, ಗಾಳಿ ಹೊಡೆಯಿರಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟು ಇಳಿದಾಗ ಆ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಬಿರುಕು ಬಿಟ್ಟೀತು. ಎಗ್ಸಾಸ್ಟ್ ಸ್ಟಡ್‌ಗಳಿಗೆ ತಾಮ್ರದ ಪುಡಿಯ ಆಂಟಿ-ಸೀಜ್ ತೆಳ್ಳಗೆ ಬಳಿದು, ಉಕ್ಕಿನ ನಟ್ ಬದಲು ಹಿತ್ತಾಳೆಯದು ಹಾಕಿ. ಜಾರುವ ಥ್ರೆಡ್ ಅದೇ ಎಳೆತಕ್ಕೆ ಹೆಚ್ಚು ಬಿಗಿಯುತ್ತದೆ, ಹಾಗಾಗಿ ಒಣ ಥ್ರೆಡ್‌ಗೆಂದು ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಟಾರ್ಕನ್ನು ಸುಮಾರು ಕಾಲು ಭಾಗ ಇಳಿಸಿ. ಈಗಿನ ಲೇಪನವಿರುವ ಸ್ಪಾರ್ಕ್ ಪ್ಲಗ್‌ಗಳಿಗೆ ಆಂಟಿ-ಸೀಜ್ ಬೇಡವೆಂದು ಎನ್‌ಜಿಕೆಯಂಥ ತಯಾರಕರೇ ಹೇಳುತ್ತಾರೆ. ಹೊಸ ವಾಷರ್ ಇರುವ 14 ಎಂಎಂ ಪ್ಲಗ್ಗನ್ನು ಬೆರಳಲ್ಲಿ ಕೂರುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧದಿಂದ ಮೂರನೇ ಎರಡರಷ್ಟು ಸುತ್ತು ಸಾಕು. ಮ್ಯಾನಿಫೋಲ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿದ್ದರೆ ಇಂಜಿನ್ ಒಮ್ಮೆ ಚೆನ್ನಾಗಿ ಬಿಸಿಯಾಗಿ, ಪೂರ್ತಿ ತಣಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಟೈಟ್ ಮಾಡಿ. ಗ್ಯಾಸ್ಕೆಟ್ ಕೂತಷ್ಟೂ ಅವು ಸಡಿಲವಾಗಿರುತ್ತವೆ.